ನಂದಿ ರಸ್ತೆ ಬಿಟ್ಟು ಟ್ರ್ಯಾಕ್‌ಗೆ: ಮೊದಲ ಟ್ರ್ಯಾಕ್ ಡೇಗೆ ಹೊರಡುವವರಿಗೆ

ಭಾನುವಾರ ಬೆಳಿಗ್ಗೆ ಐದೂವರೆಗೆ ಹೆಬ್ಬಾಳ ಫ್ಲೈಓವರ್ ಹತ್ತಿರ ನಿಂತು ನೋಡಿ. ನಂದಿ ಬೆಟ್ಟದ ಕಡೆ ಹೊರಟ ಬೈಕ್‌ಗಳ ಸದ್ದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಬರುತ್ತದೆ. ನಾನೂ ನಾಲ್ಕು ವರ್ಷ ಆ ಗುಂಪಿನಲ್ಲಿದ್ದವನು. ದೇವನಹಳ್ಳಿ ದಾಟಿದ ಮೇಲೆ ರಸ್ತೆ ಅಗಲ, ಆ ಹೊತ್ತಿಗೆ ಖಾಲಿ ಬೇರೆ, ಕೈ ತಾನಾಗಿ ತಿರುಗುತ್ತದೆ.

ಒಂದು ದಿನ ಚಿಕ್ಕಬಳ್ಳಾಪುರದ ಕಡೆ ಡಿವೈಡರ್ ಸಂದಿಯಿಂದ ಒಂದು ಟಿವಿಎಸ್ ಎಕ್ಸ್ಎಲ್ ಅಡ್ಡ ಬಂತು. ಎರಡೂ ಬದಿಗೆ ಹಾಲಿನ ಕ್ಯಾನ್, ಓಡಿಸುತ್ತಿದ್ದವರಿಗೆ ನಮ್ಮಪ್ಪನ ವಯಸ್ಸು. ನಾನು ಆಗ 130ರ ಮೇಲಿದ್ದೆ. ತಾಗಲಿಲ್ಲ. ಹೇಗೆ ತಾಗಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ, ಯಾಕೆಂದರೆ ತಪ್ಪಿಸಲು ನಾನು ಏನೂ ಮಾಡಲೇ ಇಲ್ಲ, ಬ್ರೇಕ್ ಮೇಲೆ ಬೆರಳು ಹೋಗುವಷ್ಟರಲ್ಲಿ ಅವರು ಆ ಕಡೆ ದಾಟಿಯಾಗಿತ್ತು. ಅವರು ತಿರುಗಿಯೂ ನೋಡಲಿಲ್ಲ. ಮುಂದೆ ಒಂದು ಟೀ ಅಂಗಡಿ ಹತ್ತಿರ ನಿಲ್ಲಿಸಿದೆ. ಸ್ಟ್ಯಾಂಡ್ ಹಾಕಲು ಕಾಲು ನಡುಗುತ್ತಿತ್ತು.

ಅವರದ್ದೇನೂ ತಪ್ಪಿಲ್ಲ. ಡೇರಿಗೆ ಹಾಲು ಹಾಕುವವರು ದಿನಾ ದಾಟುವ ಜಾಗ ಅದು. ನಾನು ಅಷ್ಟು ವೇಗದಲ್ಲಿ ಬರುತ್ತಿದ್ದೇನೆ ಅಂತ ಅವರಿಗೆ ಕನಸು ಬೀಳಬೇಕಿತ್ತಾ?

ಮನೆಗೆ ಬಂದು ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ. ಏನೋ ಅಡ್ಡ ಬಂತು ಅಂತ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಳ್ಳಿ. ರಸ್ತೆ ಒಣಗಿದೆ, ಬ್ರೇಕ್ ಚೆನ್ನಾಗಿದೆ. 80ರಲ್ಲಿದ್ದರೆ ಪೂರ್ತಿ ನಿಲ್ಲಲು ಸುಮಾರು 65 ಮೀಟರ್ ಬೇಕು. 140ರಲ್ಲಿದ್ದರೆ ಸುಮಾರು 155 ಮೀಟರ್. ವೇಗ ಎರಡು ಪಟ್ಟೂ ಆಗಿಲ್ಲ, ದೂರ ಮಾತ್ರ ಎರಡೂವರೆ ಪಟ್ಟಿನ ಹತ್ತಿರ ಹೋಯಿತು. ಅದರಲ್ಲಿ ಮೊದಲ 58 ಮೀಟರ್ ನೀವು ಇನ್ನೂ ಬ್ರೇಕ್ ಮುಟ್ಟಿಯೇ ಇರುವುದಿಲ್ಲ.

ರಸ್ತೆಗಳೂ ಒಂದೊಂದಾಗಿ ಮುಚ್ಚುತ್ತಿವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ. ಕೇಂದ್ರದ 2018ರ ಅಧಿಸೂಚನೆಯ ಪ್ರಕಾರ ನಾಲ್ಕು ಲೇನ್ ಹೆದ್ದಾರಿಯಲ್ಲಿ ಬೈಕ್‌ಗೆ ಮಿತಿ 80. ಗೆಳೆಯರ ಜೊತೆ ಪಂದ್ಯ ಕಟ್ಟಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇದೆ, ಜೈಲಿನ ಅವಕಾಶವೂ ಅದರಲ್ಲಿದೆ.

ವೇಗದ ಹುಚ್ಚು ಬಿಡಿ ಅಂತ ಹೇಳಲು ನಾನು ಬಂದಿಲ್ಲ, ನನಗೇ ಬಿಟ್ಟಿಲ್ಲ. ಅದನ್ನು ತೀರಿಸಿಕೊಳ್ಳುವ ಜಾಗ ಬೇರೆ ಇದೆ, ರೇಸ್ ಟ್ರ್ಯಾಕ್. ದುಡ್ಡು ಕಟ್ಟಿ ನಮ್ಮ ಗಾಡಿಯನ್ನು ಅಲ್ಲಿ ಓಡಿಸುವ ದಿನಕ್ಕೇ ಟ್ರ್ಯಾಕ್ ಡೇ ಅನ್ನುವುದು. ಅಲ್ಲಿಗೆ ಹೋಗುವುದು ಹೇಗೆ ಅಂತ ಹೇಳುತ್ತೇನೆ.

ಯಾವ ಟ್ರ್ಯಾಕ್

ಕರ್ನಾಟಕದಲ್ಲಿ ಬೈಕ್‌ಗೆ ತಕ್ಕ ದೊಡ್ಡ ಸರ್ಕ್ಯೂಟ್ ಇಲ್ಲ. ಬೆಂಗಳೂರಿನ ಸುತ್ತಮುತ್ತ ಗೋ-ಕಾರ್ಟ್ ಟ್ರ್ಯಾಕ್‌ಗಳಿವೆ, ಅವುಗಳ ಮಾತು ಆಮೇಲೆ. ದೊಡ್ಡದು ಬೇಕೆಂದರೆ ತಮಿಳುನಾಡಿಗೇ ಹೋಗಬೇಕು.

ಹೆಚ್ಚಿನವರು ಹೋಗುವುದು ಶ್ರೀಪೆರಂಬುದೂರು ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ. ಈಗ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಅಂತ ಹೆಸರು, ಆದರೆ ಎಲ್ಲರ ಬಾಯಲ್ಲೂ ಇನ್ನೂ ಎಂಎಂಆರ್‌ಟಿ, ಅಂದರೆ ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್. ಬೆಂಗಳೂರಿನಿಂದ ಸುಮಾರು 300 ಕಿಮೀ, ಚೆನ್ನೈ ಹೆದ್ದಾರಿಯ ಪಕ್ಕದಲ್ಲೇ ಇದೆ. ಹಿಂದೆ ಶೋಲಾವರಂನ ಹಳೆಯ ವಿಮಾನದ ರನ್‌ವೇ ಮೇಲೆ ರೇಸ್ ನಡೆಸುತ್ತಿದ್ದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನವರೇ ಇದನ್ನು ಕಟ್ಟಿದ್ದು, 1990ರಲ್ಲಿ ಶುರುವಾಯಿತು. ಒಂದು ಸುತ್ತು 3.717 ಕಿಮೀ, 12 ತಿರುವು.

ಎರಡನೆಯದು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ರೇಸರ್ ಎಸ್. ಕರಿವರ್ಧನ್ ನೆನಪಿನಲ್ಲಿ ಹೆಸರಿಟ್ಟದ್ದು. ಸುಮಾರು 2 ಕಿಮೀಯ ಚಿಕ್ಕ ಟ್ರ್ಯಾಕ್. 150 ಸಿಸಿ, 200 ಸಿಸಿ ಗಾಡಿಗೆ ಇದು ಇನ್ನೂ ಮಜಾ ಅಂತ ನನ್ನ ಅಭಿಪ್ರಾಯ. ಮೈಸೂರು ಕಡೆಯವರಿಗೆ ಹತ್ತಿರವೂ ಹೌದು. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿಮೀ, 2023ರಲ್ಲಿ ಮೋಟೋಜಿಪಿ ನಡೆದ ಜಾಗ. ಮೊದಲ ಸಲಕ್ಕೆ ಅಷ್ಟು ದೂರ ಯಾಕೆ, ಸುಮ್ನೆ.

ಸ್ಕೂಲ್ ಮೊದಲು, ಓಪನ್ ಟ್ರ್ಯಾಕ್ ಆಮೇಲೆ

ದುಡ್ಡು ಕಟ್ಟುವ ಮೊದಲು ಇದೊಂದು ತಿಳಿದುಕೊಳ್ಳಿ. ಎರಡು ಬಗೆ ಇವೆ. ಒಂದು ಓಪನ್ ಟ್ರ್ಯಾಕ್ ಡೇ: ಫೀ ಕಟ್ಟು, ನಿನ್ನ ಗುಂಪಿನ ಸರದಿಯಲ್ಲಿ ಓಡಿಸು, ಅಷ್ಟೆ. ಇನ್ನೊಂದು ರೈಡಿಂಗ್ ಸ್ಕೂಲ್: ಕ್ಲಾಸ್ ಇರುತ್ತದೆ, ಕೋಚ್ ಹಿಂದೆಯೇ ಬರುತ್ತಾರೆ, ಇಳಿದ ಮೇಲೆ ತಪ್ಪು ಹೇಳುತ್ತಾರೆ. ಕೀತ್ ಕೋಡ್ 1980ರಲ್ಲಿ ಶುರು ಮಾಡಿದ ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಕೂಡ ಎಂಎಂಆರ್‌ಟಿಯಲ್ಲಿ ತರಗತಿ ನಡೆಸಿದೆ. ನಮ್ಮ ದೇಶದ ರೇಸರ್‌ಗಳು ನಡೆಸುವ ಸ್ಕೂಲ್‌ಗಳೂ ಇವೆ, ಕಡಿಮೆ ಖರ್ಚಿನವು. ಬೈಕ್ ಕಂಪನಿಗಳು ತಮ್ಮ ಗ್ರಾಹಕರಿಗೆ ಆಗಾಗ ಟ್ರ್ಯಾಕ್ ತರಬೇತಿ ಇಡುತ್ತವೆ, ಶೋರೂಮ್‌ನಲ್ಲಿ ಒಂದು ಮಾತು ಕೇಳಿ.

ಮೊದಲ ಸಲ ಸ್ಕೂಲ್‌ಗೇ ಹೋಗಿ. ನಾನು ಜಾಣತನ ತೋರಿಸಿ ಓಪನ್ ಡೇಗೆ ಹೋಗಿದ್ದೆ. ಇಡೀ ದಿನ ನನ್ನ ಹಳೇ ತಪ್ಪುಗಳನ್ನೇ ಇನ್ನಷ್ಟು ವೇಗವಾಗಿ ಮಾಡಿ ಬಂದೆ.

ಚೆನ್ನೈವರೆಗೂ ಹೋಗುವ ಮೊದಲು ಗೋ-ಕಾರ್ಟ್ ಟ್ರ್ಯಾಕ್‌ನಲ್ಲಿ ಬೈಕ್ ತರಬೇತಿ ಇದ್ದರೆ ಒಂದು ದಿನ ಮಾಡಿ. ವೇಗ 60–70 ದಾಟುವುದಿಲ್ಲ, ಆದರೆ ತಿರುವಿನ ಮೇಲೆ ತಿರುವು. ಕಣ್ಣು ಎಲ್ಲಿಡಬೇಕು, ಮೈ ಎಲ್ಲಿಡಬೇಕು ಅನ್ನುವುದನ್ನು ಕಡಿಮೆ ವೇಗದಲ್ಲಿ ಕಲಿತಷ್ಟು ಸಲೀಸಾಗಿ 120ರಲ್ಲಿ ಕಲಿಯಲು ಆಗುವುದಿಲ್ಲ.

ಗಾಡಿ ಚಿಕ್ಕದಿದ್ದರೆ ಒಳ್ಳೆಯದೇ

"ನನ್ನ ಹತ್ತಿರ ಬರೀ ಆರ್15 ಇದೆ, ನಗುತ್ತಾರೇನೋ" ಅಂತ ಒಬ್ಬ ಹುಡುಗ ಕೇಳಿದ್ದ. ಯಾರೂ ನಗುವುದಿಲ್ಲ. 155 ಸಿಸಿ ಗಾಡಿಯಲ್ಲಿ ತಿರುವಿನಲ್ಲಿ ಕಳೆದುಕೊಂಡ ವೇಗ ಸುಲಭವಾಗಿ ವಾಪಸ್ ಬರುವುದಿಲ್ಲ, ಹಾಗಾಗಿ ತಿರುವನ್ನು ಸರಿಯಾಗಿ ತೆಗೆದುಕೊಳ್ಳುವುದನ್ನು ಕಲಿಯಲೇಬೇಕು. ಸಾವಿರ ಸಿಸಿ ಗಾಡಿಯವನು ತಿರುವಿನಲ್ಲಿ ಒದ್ದಾಡಿ, ನೇರ ದಾರಿಯಲ್ಲಿ ಆಕ್ಸಿಲರೇಟರ್ ಕೊಟ್ಟು ಮುಂದೆ ಹೋಗಿ, ತಾನು ಚೆನ್ನಾಗಿ ಓಡಿಸುತ್ತೇನೆ ಅಂದುಕೊಂಡು ಮನೆಗೆ ಹೋಗುತ್ತಾನೆ. ಆರ್15, ಆರ್‌ಸಿ 390, ಅಪಾಚೆ ಆರ್‌ಆರ್ 310, ಪಲ್ಸರ್, ಯಾವುದಾದರೂ ಸರಿ. ನೆಟ್ಟಗಿರಬೇಕು ಅಷ್ಟೇ.

ಒಂದು ವಾರ ಮೊದಲು ಮೆಕ್ಯಾನಿಕ್ ಹತ್ತಿರ

ಹಿಂದಿನ ದಿನ ಅಲ್ಲ, ಒಂದು ವಾರ ಮೊದಲು. ಏನಾದರೂ ಪಾರ್ಟ್ ತರಿಸಬೇಕಾಗುತ್ತದೆ.

ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಉಳಿದಿರಲಿ. ಬ್ರೇಕ್ ಆಯಿಲ್ ಬದಲಿಸಿ, ಹೊಸ ಡಾಟ್ 4 ಹಾಕಿಸಿ. ಹಳೆಯದು ತೇವ ಹೀರಿಕೊಂಡಿರುತ್ತದೆ, ಸುತ್ತಿನ ಮೇಲೆ ಸುತ್ತು ಬಿಸಿಯಾದಾಗ ಅದು ಕುದಿದು ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬರುತ್ತದೆ. ಊರೊಳಗೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ, ಉದ್ದದ ನೇರ ದಾರಿಯ ಕೊನೆಯಲ್ಲಿ ಗೊತ್ತಾದರೆ ಏನು ಚೆಂದ ಹೇಳಿ. ಟೈರ್ ಸವೆದಿದ್ದರೆ, ಪಂಕ್ಚರ್ ಹಾಕಿದ್ದರೆ ಆ ಟೈರಲ್ಲಿ ಹೋಗಬೇಡಿ. ಚೈನ್ ಸಡಿಲ, ಸ್ಟೀರಿಂಗ್ ಬೇರಿಂಗ್, ಎಂಜಿನ್ ಆಯಿಲ್ ಡ್ರೈನ್ ಬೋಲ್ಟ್ ನೋಡಿಸಿ. ಎಲ್ಲಿಂದಲೂ ಒಂದು ಹನಿ ಸೋರಬಾರದು. ನಿಮ್ಮ ಒಂದು ಹನಿ ಆಯಿಲ್ ಮೇಲೆ ಹಿಂದೆ ಬರುವ ಇನ್ಯಾರೋ ಬೀಳುತ್ತಾರೆ.

ಲಿಕ್ವಿಡ್ ಕೂಲ್ ಗಾಡಿಯಾದರೆ ಕೂಲೆಂಟ್ ತೆಗೆದು ಬರೀ ನೀರು ಹಾಕಬೇಕೇ ಅಂತ ಆಯೋಜಕರನ್ನು ಕೇಳಿ. ಕೂಲೆಂಟ್‌ನಲ್ಲಿರುವ ಗ್ಲೈಕಾಲ್ ರಸ್ತೆ ಮೇಲೆ ಚೆಲ್ಲಿದರೆ ಎಣ್ಣೆ ಥರ ಜಾರುತ್ತದೆ, ಬೇಗ ಒಣಗುವುದೂ ಇಲ್ಲ. ಊರಿಗೆ ಬಂದ ಮೇಲೆ ಮರೆಯದೆ ಕೂಲೆಂಟ್ ವಾಪಸ್ ಹಾಕಿಸಿ.

ಬಿಚ್ಚಬೇಕಾದವು: ಮಿರರ್, ಸ್ಯಾರಿ ಗಾರ್ಡ್, ಮೊಬೈಲ್ ಹೋಲ್ಡರ್, ಹಿಂದಿನ ಡಬ್ಬಿ, ಬ್ಯಾಗ್. ಲೈಟು, ಇಂಡಿಕೇಟರ್ ಗಾಜಿನ ಮೇಲೆ ಟೇಪ್ ಸುತ್ತಿ, ಬಿದ್ದರೆ ಚೂರು ಚೆಲ್ಲಬಾರದು. ಸ್ಯಾರಿ ಗಾರ್ಡ್ ಬೋಲ್ಟ್ ವರ್ಷಗಟ್ಟಲೆ ಮಳೆ ತಿಂದು ತುಕ್ಕು ಹಿಡಿದಿರುತ್ತದೆ, ಅದನ್ನು ಮನೆಯಲ್ಲೇ ಬಿಚ್ಚಿ ನೋಡಿ. ಟ್ರ್ಯಾಕ್‌ನಲ್ಲಿ ಅದರ ಜೊತೆ ಕುಸ್ತಿ ಆಡಿ ಒಂದು ಸೆಷನ್, ಅಂದರೆ ಓಡಿಸುವ ಒಂದು ಸರದಿಯನ್ನೇ ಕಳೆದುಕೊಂಡವರನ್ನು ನೋಡಿದ್ದೇನೆ.

ಮೈಮೇಲೆ ಏನು

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಸಾಧ್ಯವಾದರೆ ಇಸಿಇ 22.06 ಅನ್ನುವ ಸುರಕ್ಷತಾ ಗುರುತಿರುವುದು, ಎರಡು ಡಿ ರಿಂಗ್‌ನ ಪಟ್ಟಿ ಇರುವುದು. ಒಂದು ಸಲ ಬಿದ್ದ ಹೆಲ್ಮೆಟ್ ಬೇಡವೇ ಬೇಡ. ಲೆದರ್ ಸೂಟ್ ಒಂದೇ ತುಂಡಿನದು, ಇಲ್ಲವೇ ಜಾಕೆಟ್–ಪ್ಯಾಂಟ್ ಸುತ್ತಲೂ ಜಿಪ್‌ನಿಂದ ಸೇರುವುದು. ಜಾರುತ್ತಾ ಹೋಗುವಾಗ ಮಧ್ಯದಲ್ಲಿ ಬಾಯಿ ಬಿಟ್ಟರೆ ಸೊಂಟದ ಚರ್ಮ ಹೋಗುತ್ತದೆ. ಬೆನ್ನಿಗೆ ಬ್ಯಾಕ್ ಪ್ರೊಟೆಕ್ಟರ್. ಮಣಿಕಟ್ಟಿನ ಮೇಲೂ ಬರುವ ಉದ್ದದ ಗ್ಲೌಸ್, ಕಣಕಾಲು ಮುಚ್ಚುವ ರೈಡಿಂಗ್ ಬೂಟು. ಕೈಯಲ್ಲಿರುವ ಉಂಗುರ, ಕೊರಳಲ್ಲಿರುವ ಸರ ತೆಗೆದಿಡಿ.

ಸೂಟ್ ತುಂಬಾ ದುಬಾರಿ. ಕೊಳ್ಳಬೇಡಿ, ಬಾಡಿಗೆಗೆ ಸಿಗುತ್ತದೆ, ಎಷ್ಟೋ ಸ್ಕೂಲ್‌ನವರೇ ಕೊಡುತ್ತಾರೆ. ಅಳತೆ ಮೊದಲೇ ಹೇಳಿ. ಒಳಗೆ ಮೈಗಂಟುವ ತೆಳು ಬಟ್ಟೆ ಹಾಕಿಕೊಳ್ಳಿ, ಇಲ್ಲದಿದ್ದರೆ ಮದ್ರಾಸಿನ ಸೆಕೆಯಲ್ಲಿ ಮಧ್ಯಾಹ್ನ ಆ ಸೂಟನ್ನು ಬಿಚ್ಚಲು ಇಬ್ಬರು ಎಳೆಯಬೇಕಾಗುತ್ತದೆ.

ದುಡ್ಡಿನ ಮಾತು

ಫೀ ಒಂದೇ ಖರ್ಚಲ್ಲ. ಗಾಡಿ ಸಾಗಿಸುವುದು, ಒಂದು ರಾತ್ರಿ ರೂಮು, ಪೆಟ್ರೋಲು, ಪ್ಯಾಡು, ಟೈರು ಸೇರಿಸಿದರೆ ಫೀಯ ಎರಡರಷ್ಟು ಅಂತ ಇಟ್ಟುಕೊಳ್ಳಿ. ಜೊತೆಗೆ ಬಿದ್ದರೆ ಏನು ಅನ್ನುವ ಲೆಕ್ಕವೂ ಇರಲಿ. ನಮ್ಮ ಸಾಮಾನ್ಯ ಗಾಡಿ ಇನ್ಶೂರೆನ್ಸ್‌ನಲ್ಲಿ ರೇಸು, ವೇಗ ಪರೀಕ್ಷೆಗೆ ಬಳಸಿದರೆ ಕೊಡುವುದಿಲ್ಲ ಅಂತ ಬರೆದಿರುತ್ತಾರೆ. ಅಂದರೆ ಫೇರಿಂಗ್ (ಗಾಡಿಯ ಹೊರಗಿನ ಕವಚ) ಒಡೆದರೆ ಜೇಬಿನಿಂದಲೇ. ಆರೋಗ್ಯ ವಿಮೆಯ ಪುಸ್ತಕದಲ್ಲೂ ಸಾಹಸ ಕ್ರೀಡೆ ಅನ್ನುವ ಪುಟ ಹುಡುಕಿ ಓದಿ, ಅರ್ಥವಾಗದಿದ್ದರೆ ಏಜೆಂಟ್‌ಗೆ ಫೋನ್ ಮಾಡಿ. ಇಎಂಐ ಇನ್ನೂ ಬಾಕಿ ಇರುವ ಹೊಸ ಗಾಡಿ ತರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ಗಾಡಿ ಹೇಗೆ ಹೋಗಬೇಕು

ಓಡಿಸಿಕೊಂಡೇ ಹೋಗಬಹುದು, ತುಂಬಾ ಜನ ಹಾಗೇ ಬರುತ್ತಾರೆ. ಕಷ್ಟ ಬರುವುದು ವಾಪಸ್ ಬರುವಾಗ. ದಿನವಿಡೀ ಬಿಸಿಲಲ್ಲಿ ಓಡಿಸಿ ಸುಸ್ತಾಗಿ, ತಲೆ ತುಂಬ ವೇಗ ಇಟ್ಟುಕೊಂಡು, ಸಂಜೆ ಆರಕ್ಕೆ ಹೆದ್ದಾರಿಗೆ ಬಂದು ಲಾರಿಗಳ ಮಧ್ಯೆ 300 ಕಿಮೀ. ನನ್ನ ಪ್ರಕಾರ ಇಡೀ ಕಾರ್ಯಕ್ರಮದಲ್ಲಿ ಅತ್ಯಂತ ಅಪಾಯದ ಭಾಗ ಅದೇ. ಮೂರು ಜನ ಸೇರಿ ಒಂದು ಟಾಟಾ ಏಸ್ ಮಾತಾಡಿ, ಗಾಡಿ ಅದರಲ್ಲಿ, ನೀವು ಕಾರಲ್ಲಿ ಅಥವಾ ರೈಲಲ್ಲಿ. ಕಟ್ಟಲು ಹಗ್ಗಕ್ಕಿಂತ ಬೆಲ್ಟ್ ವಾಸಿ. ಓಡಿಸಿಕೊಂಡೇ ಹೋದರೆ ಆ ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡಿ.

ಆ ದಿನ

ಹಿಂದಿನ ರಾತ್ರಿ ಗುಂಡು ಪಾರ್ಟಿ ಬೇಡ, ಇದನ್ನು ಬಿಡಿಸಿ ಹೇಳಬೇಕಾ? ಬೆಳಿಗ್ಗೆ ಎರಡು ಇಡ್ಲಿ ಸಾಕು, ಹೊಟ್ಟೆ ತುಂಬ ಪೊಂಗಲ್ ತಿಂದು ಟ್ಯಾಂಕ್ ಮೇಲೆ ಬಗ್ಗಲು ಆಗುವುದಿಲ್ಲ. ಪ್ರತಿ ಸೆಷನ್ ಮುಗಿದ ಮೇಲೂ ನೀರು, ಮಜ್ಜಿಗೆ, ಓಆರ್‌ಎಸ್, ಏನಾದರೂ ಕುಡಿಯಿರಿ, ಬಾಯಾರಿಕೆಗೆ ಕಾಯಬೇಡಿ. ಲೈಸೆನ್ಸ್, ಆರ್‌ಸಿ ಇಟ್ಟುಕೊಳ್ಳಿ. ಅಲ್ಲಿ ಒಂದು ಫಾರ್ಮ್‌ಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಏನಾದರೂ ಆದರೆ ಜವಾಬ್ದಾರಿ ಓಡಿಸುವವರದ್ದೇ ಅಂತ. ಓದಿ ಸಹಿ ಹಾಕಿ. ಮನೆಯವರ ನಂಬರ್, ಬ್ಲಡ್ ಗ್ರೂಪ್ ಸರಿಯಾಗಿ ಬರೆಯಿರಿ. ಮನೆಯಲ್ಲಿ "ಆಫೀಸ್ ಟ್ರಿಪ್" ಅಂತ ಸುಳ್ಳು ಹೇಳಿ ಬರಬೇಡಿ, ದಯವಿಟ್ಟು.

ಬೆಳಗಿನ ಬ್ರೀಫಿಂಗ್‌ನಲ್ಲಿ ಫೋನ್ ಒಳಗಿಡಿ. ಬಾವುಟಗಳನ್ನು ಅಲ್ಲೇ ಹೇಳಿಕೊಡುತ್ತಾರೆ. ಹಳದಿ ಅಂದರೆ ಮುಂದೆ ಅಪಾಯ, ವೇಗ ಇಳಿಸಿ, ಯಾರನ್ನೂ ದಾಟಬೇಡಿ. ಕೆಂಪು ಅಂದರೆ ಸೆಷನ್ ನಿಂತಿದೆ, ಗಕ್ಕನೆ ಬ್ರೇಕ್ ಹಾಕದೆ ನಿಧಾನ ಮಾಡಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಜಾಗಕ್ಕೆ ಬನ್ನಿ. ಹಳದಿಯ ಮೇಲೆ ಕೆಂಪು ಪಟ್ಟೆ ಇದ್ದರೆ ರಸ್ತೆ ಜಾರುತ್ತಿದೆ. ನಿಮಗೇ ಕಪ್ಪು ತೋರಿಸಿದರೆ ನೀವು ಒಳಗೆ ಬರಬೇಕು, ಗಾಡಿಯಲ್ಲಿ ಏನೋ ಆಗಿದೆ ಅಥವಾ ನೀವು ಏನೋ ಮಾಡಿದ್ದೀರಿ. ಚೌಕುಳಿ ಬಾವುಟ ಸೆಷನ್ ಮುಗಿದದ್ದಕ್ಕೆ. ನಂದಿ ರಸ್ತೆಯಲ್ಲಿ ಆ ಹಾಲಿನ ಗಾಡಿ ಬರುತ್ತಿದೆ ಅಂತ ನನಗೆ ಯಾರೂ ಬಾವುಟ ತೋರಿಸಲಿಲ್ಲ. ಇಲ್ಲಿ ತೋರಿಸಲೆಂದೇ ಬಿಸಿಲಲ್ಲಿ ಮಾರ್ಷಲ್‌ಗಳು ನಿಂತಿರುತ್ತಾರೆ, ಆಂಬ್ಯುಲೆನ್ಸ್ ಗೇಟಿನಲ್ಲೇ ಇರುತ್ತದೆ. ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಹಂಪ್ ಇಲ್ಲ, ನಾಯಿ ಇಲ್ಲ, ರಾಂಗ್ ಸೈಡ್ ಟ್ರ್ಯಾಕ್ಟರ್ ಇಲ್ಲ. ಆಂಬ್ಯುಲೆನ್ಸ್ ಇದೆಯಾ ಅಂತ ಕಣ್ಣಾರೆ ನೋಡಿ. ಇಲ್ಲದಿದ್ದರೆ ಗಾಡಿ ಇಳಿಸಬೇಡಿ.

ಗುಂಪು ಕೇಳಿದಾಗ ಹೊಸಬರ ಗುಂಪು ಅಂತಲೇ ಹೇಳಿ. ಹತ್ತು ವರ್ಷ ಲಡಾಖ್, ಕನ್ಯಾಕುಮಾರಿ ಅಂತ ಓಡಿಸಿದ್ದರೂ ಇಲ್ಲಿ ಹೊಸಬರೇ.

ಟೈರ್ ಗಾಳಿ ಬಗ್ಗೆ ಅಲ್ಲಿರುವ ತಿಳಿದವರನ್ನು ಕೇಳಿ. ಓಡುತ್ತಾ ಟೈರ್ ಬಿಸಿಯಾಗಿ ಒತ್ತಡ ಏರುತ್ತದೆ, ಹಾಗಾಗಿ ತಣ್ಣಗಿರುವಾಗ ರಸ್ತೆಯ ಲೆಕ್ಕಕ್ಕಿಂತ ಸ್ವಲ್ಪ ಕಡಿಮೆ ಇಡುತ್ತಾರೆ. ಒಂದು ಚಿಕ್ಕ ಗೇಜ್ ಜೊತೆಗಿರಲಿ.

ಮೊದಲ ಸೆಷನ್

ಒಂದೊಂದು ಸೆಷನ್ 15ರಿಂದ 20 ನಿಮಿಷ. ಕೇಳಲು ಕಡಿಮೆ ಅನಿಸುತ್ತದೆ, ಮೂರನೇ ಸೆಷನ್‌ಗೆ ತೊಡೆ ನಡುಗುತ್ತದೆ.

ಮೊದಲ ಸೆಷನ್ ಪೂರ್ತಿ ಟ್ರ್ಯಾಕ್ ನೋಡುವುದಕ್ಕೇ ಇಡಿ. ಮೊದಲ ಎರಡು ಸುತ್ತು ಟೈರ್ ತಣ್ಣಗಿರುತ್ತದೆ, ತಿರುವಿನಲ್ಲಿ ಗಾಡಿ ಮಲಗಿಸಬೇಡಿ, ಅಂದರೆ ತುಂಬಾ ವಾಲಿಸಬೇಡಿ. ಪ್ರತಿ ತಿರುವಿಗೂ ಮೂರು ಗುರುತು ಹುಡುಕಿ: ಬ್ರೇಕ್ ಎಲ್ಲಿ, ತಿರುಗಿಸುವುದು ಎಲ್ಲಿ, ಒಳಬದಿಯ ಅಂಚಿಗೆ ತಾಗುವಂತೆ ಹೋಗುವುದು ಎಲ್ಲಿ. ಗುರುತು ಅಂದರೆ ನೆಟ್ಟಿರುವ ವಸ್ತು, ಒಂದು ಬೋರ್ಡು, ರಸ್ತೆಯ ಮೇಲಿನ ಒಂದು ತೇಪೆ. ನಾನು ಒಂದು ಸಲ ಮಾರ್ಷಲ್ ಕೂತಿದ್ದ ಕುರ್ಚಿಯನ್ನು ಗುರುತು ಮಾಡಿಕೊಂಡಿದ್ದೆ. ಊಟ ಆದ ಮೇಲೆ ಅವರು ಕುರ್ಚಿಯನ್ನು ನೆರಳಿಗೆ ಎಳೆದುಕೊಂಡಿದ್ದರು.

ಬ್ರೇಕ್ ಮುಗಿಸಿ ಆಮೇಲೆ ತಿರುಗಿಸಿ. ಮಲಗಿಸಿಕೊಂಡೇ ಬ್ರೇಕ್ ಬಿಡುತ್ತಾ ಹೋಗುವುದು ದೊಡ್ಡವರ ವಿದ್ಯೆ, ಇನ್ನೊಂದು ದಿನ ಕಲಿಯಿರಿ. ಮುಂದಿನ ಬ್ರೇಕನ್ನು ಹಿಂಡುತ್ತಾ ಹೋಗಿ, ಕಿತ್ತುಕೊಳ್ಳುವ ಹಾಗೆ ಎಳೆಯಬೇಡಿ. ತಿರುವಿನಲ್ಲಿ ಆಕ್ಸಿಲರೇಟರ್ ಪಟ್ ಅಂತ ಬಿಡಬೇಡಿ. ಇವೆಲ್ಲಕ್ಕಿಂತ ಮುಖ್ಯ ಕಣ್ಣು. ಎಲ್ಲಿ ನೋಡುತ್ತೀರೋ ಗಾಡಿ ಅಲ್ಲಿಗೇ ಹೋಗುತ್ತದೆ. ಹೆದರಿ ಅಂಚಿನ ಹುಲ್ಲು ನೋಡಿದರೆ ಹುಲ್ಲಿಗೇ. ತಿರುವಿನ ಕೊನೆಗೆ ತಲೆ ತಿರುಗಿಸಿ ನೋಡಿ, ಕತ್ತು ನೋಯುವಷ್ಟು. ಅದೂ ತಪ್ಪಿ ಹುಲ್ಲಿಗೆ ಹೋದರೆ ಗಾಡಿ ನೆಟ್ಟಗೆ ಮಾಡಿ, ಮುಂದಿನ ಬ್ರೇಕ್ ಮುಟ್ಟದೆ, ತಾನಾಗಿ ನಿಧಾನವಾಗಲು ಬಿಡಿ.

ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡಬೇಡಿ. ಮಿರರ್ ಬಿಚ್ಚಿಸಿದ್ದೇ ಅದಕ್ಕೆ. ಸರಿಯಾಗಿ ದಾಟುವುದು ಹಿಂದಿನವರ ಜವಾಬ್ದಾರಿ, ನಿಮ್ಮ ದಾರಿಯನ್ನು ಏಕಾಏಕಿ ಬದಲಿಸದೆ ಹೋಗುವುದು ನಿಮ್ಮದು. ಪಕ್ಕಕ್ಕೆ ಸರಿದು ಜಾಗ ಬಿಡುವ ನಮ್ಮ ಊರಿನ ಮರ್ಯಾದೆ ಇಲ್ಲಿ ಅಪಾಯ. ನೀವು ದಾಟುವುದಾದರೆ ನೇರ ದಾರಿಯಲ್ಲಿ, ಕೈ ಚಾಚಿದರೂ ತಾಗದಷ್ಟು ದೂರ ಬಿಟ್ಟು. ಪಿಟ್‌ಗೆ ಬರುವಾಗ ಮೊದಲೇ ಕೈ ಎತ್ತಿ.

ನಾನು ಎರಡನೇ ಸಲ ಹೋದಾಗ ನನ್ನ ಕೋಚ್ ಒಂದು ಕೆಲಸ ಕೊಟ್ಟರು: ಒಂದು ಸೆಷನ್ ಪೂರ್ತಿ ನಾಲ್ಕನೇ ಗೇರ್, ಬ್ರೇಕ್ ಮುಟ್ಟಬೇಡ. ಬೇಜಾರಾಗುತ್ತದೆ ಅಂದುಕೊಂಡೆ. ಅವತ್ತು ಗೊತ್ತಾಯಿತು, ಪ್ರತಿ ತಿರುವಿನಲ್ಲೂ ನಾನು ಸುಮ್ನೆ ಹೆದರಿ ಬ್ರೇಕ್ ಹಾಕಿ, ಆಮೇಲೆ ಅವಸರದಲ್ಲಿ ಆಕ್ಸಿಲರೇಟರ್ ಕೊಡುತ್ತಿದ್ದೆ. ನಾಲ್ಕು ವರ್ಷ ನಂದಿ ರಸ್ತೆಯಲ್ಲಿ ಇದನ್ನೇ "ಫಾಸ್ಟ್" ಅಂದುಕೊಂಡಿದ್ದೆ. ಆ ಸೆಷನ್‌ನಲ್ಲಿ ಕೋಚ್ ಒಂದು ಹಳೇ 150 ಸಿಸಿ ಗಾಡಿಯಲ್ಲಿ, ಒಂದೇ ತಿರುವಿನ ಹೊರಬದಿಯಿಂದ, ನನ್ನನ್ನು ದಾಟಿ ಹೋದರು. ನನ್ನದು 390.

ಸುಸ್ತಾದರೆ ಕೊನೆಯ ಸೆಷನ್ ಬಿಟ್ಟುಬಿಡಿ. ದುಡ್ಡು ಕೊಟ್ಟಿದ್ದೇನೆ ಅಂತ ಇಳಿಯಬೇಡಿ. "ಕೊನೇದೊಂದು" ಅಂತ ಹೋಗಿ ಬಿದ್ದವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ.

ಅಪಾಯ ಇಲ್ಲವೇ

ಇದೆ. 2023ರ ಆಗಸ್ಟ್‌ನಲ್ಲಿ ಇದೇ ಚೆನ್ನೈ ಟ್ರ್ಯಾಕ್‌ನಲ್ಲಿ ರೇಸ್ ನಡೆಯುವಾಗ ಬಿದ್ದು ನಮ್ಮ ಬೆಂಗಳೂರಿನ 13 ವರ್ಷದ ಹುಡುಗ ತೀರಿಕೊಂಡ. ಅದು ರೇಸ್, ಹತ್ತಿರ ಹತ್ತಿರ ಓಡಿಸುವ ಪೈಪೋಟಿ. ಟ್ರ್ಯಾಕ್ ಡೇಯಲ್ಲಿ ಪೈಪೋಟಿ ಇಲ್ಲ, ಬಹುಮಾನ ಇಲ್ಲ, ಗುಂಪು ಬೇರೆ ಬೇರೆ. ಆದರೂ ಬೈಕ್ ಬೈಕೇ. ಬಿದ್ದರೆ ಕಾಲರ್ ಬೋನ್, ಮಣಿಕಟ್ಟು ಮುರಿಯಬಹುದು, ಇನ್ನೂ ಹೆಚ್ಚೂ ಆಗಬಹುದು. ಬಿದ್ದಾಗ ಹ್ಯಾಂಡಲ್ ಬಿಟ್ಟುಬಿಡಿ, ಗಾಡಿ ಹೋಗಲಿ. ಜಾರುವುದು ಪೂರ್ತಿ ನಿಂತ ಮೇಲೆ, ಬರುವ ಗಾಡಿಗಳನ್ನು ನೋಡಿ, ಟ್ರ್ಯಾಕ್‌ನಿಂದ ಆಚೆ ನಡೆಯಿರಿ. ಇನ್ನೂ ಜಾರುತ್ತಿರುವಾಗಲೇ ನಿಂತುಬಿಟ್ಟೆ ಅಂದುಕೊಂಡು ಎದ್ದವರೇ ಜಾಸ್ತಿ ಪೆಟ್ಟು ಮಾಡಿಕೊಳ್ಳುವುದು. ತಲೆಗೆ ಪೆಟ್ಟು ಬಿದ್ದಿದ್ದರೆ ಅವತ್ತಿಗೆ ಮುಗಿಯಿತು, ಡಾಕ್ಟರ್ ಹತ್ತಿರ ಹೋಗಿ.

ಹೊರಡುವ ಮೊದಲು

ಟೈರ್ ಗಾಳಿ ಮತ್ತೆ ರಸ್ತೆಯ ಲೆಕ್ಕಕ್ಕೆ ತನ್ನಿ. ಲೈಟಿನ ಟೇಪ್ ಕಿತ್ತು ಹಾಕಿ. ಬ್ರೇಕ್ ಪ್ಯಾಡ್ ಎಷ್ಟು ಉಳಿದಿದೆ ನೋಡಿ. ಕಲಿತದ್ದನ್ನು ಅವತ್ತೇ ಒಂದು ಪುಸ್ತಕದಲ್ಲಿ ಬರೆದಿಡಿ, ಯಾವ ತಿರುವಿನಲ್ಲಿ ಏನು ಗುರುತು, ಎಷ್ಟನೇ ಗೇರು. ಆರು ತಿಂಗಳಾದ ಮೇಲೆ ಒಂದೂ ನೆನಪಿರುವುದಿಲ್ಲ. ಮಿರರ್ ಹಾಕಿ, ಸ್ಪ್ಯಾನರ್‌ನಿಂದ ಬಿಗಿ ಮಾಡಿ, ಬರೀ ಕೈಯಲ್ಲಿ ತಿರುಗಿಸಿ ಬಿಡಬೇಡಿ. ಮೊದಲ ಸಲ ನಾನು ವಾಲಾಜಾಪೇಟೆವರೆಗೂ ಆಕಾಶ ತೋರಿಸುವ ಎಡ ಮಿರರ್ ಇಟ್ಟುಕೊಂಡು, ಐವತ್ತರಲ್ಲಿ, ಲಾರಿಗಳ ಹಿಂದೆಯೇ ಬಂದೆ.